ಪೇಟ, ಶಾಲು ಸಾಕು. ಮಕ್ಕಳಿಗೆ ಕಲಿಯಲು ಒಂದು ಕೋಣೆ ಕೊಡಿ

ಧಾರವಾಡ, ಗದಗ, ಹಾವೇರಿಯ ಜಿಲ್ಲಾಧಿಕಾರಿಗಳಿಗೆ, ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ಧಾರವಾಡದ ಬಾಲವಿಕಾಸ ಅಕಾಡೆಮಿಯವರಿಗೆ, ಮತ್ತೆ ವರ್ಷಾ ವರ್ಷ ಬಾಲಪ್ರತಿಭೆಗಳನ್ನು ಹುಡುಕಿ ಸನ್ಮಾನ ಮಾಡುವ ಎಲ್ಲ ಸಂಘದವರಿಗೆ,

ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ಮಕ್ಕಳಿಗೆ ಹಾಡು, ಹಾರ್ಮೋನಿಯಂ ಹೇಳಿಕೊಡುವ ಮಾಸ್ತರ. ಪ್ರತಿಭಾ ಕಾರಂಜಿಗೆ, ಗಣಪತಿ ಹಬ್ಬದ ಸ್ಪರ್ಧೆಗಳಿಗೆ, ನವೆಂಬರ್ ತಿಂಗಳ ಕಾರ್ಯಕ್ರಮಗಳಿಗೆ ತೀರ್ಪುಗಾರ ಅಂತ ಕರೆಯುತ್ತಾರೆ, ಹೋಗುತ್ತೇನೆ. ಸುತ್ತಿ ಬಳಸಿ ಹೇಳುವುದು ಬೇಡ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ‘ಬಾಲಪ್ರತಿಭೆ’ ಅಂತ ಪ್ರಶಸ್ತಿ ಕೊಡುವುದನ್ನು ಈ ವರ್ಷದಿಂದ ನಿಲ್ಲಿಸಿ. ಅದಕ್ಕೆ ತೆಗೆದಿಟ್ಟ ದುಡ್ಡನ್ನು ಆ ಮಕ್ಕಳು ಕಲಿಯುವ ಜಾಗಕ್ಕೆ, ಕಲಿಸುವವರಿಗೆ ಹಾಕಿ. ಇಷ್ಟೇ ಬೇಡಿಕೆ. ಯಾಕೆ ಅಂತ ಹೇಳಲು ಮಾತ್ರ ಸ್ವಲ್ಪ ಜಾಗ ಬೇಕು.

ನಿಮ್ಮ ಸಮಾರಂಭಗಳು ಹೇಗಿರುತ್ತವೆ ಅಂತ ನಿಮಗೆ ಗೊತ್ತು. ಆದರೆ ನೀವು ವೇದಿಕೆಯ ಮೇಲೆ ಕೂತಿರುತ್ತೀರಿ, ನಾನು ಮಗ್ಗುಲಲ್ಲಿ ನಿಂತಿರುತ್ತೇನೆ. ಅಲ್ಲಿಂದ ಬೇರೆ ಥರ ಕಾಣುತ್ತದೆ. ಕಳೆದ ವರ್ಷದ ಒಂದು ಸಭೆ. ಸಂಜೆ ಆರಕ್ಕೆ ಅಂದಿದ್ದು ಎಂಟು ದಾಟಿದ ಮೇಲೆ ಶುರುವಾಯಿತು. ಮುಖ್ಯ ಅತಿಥಿಗಳು ಬರಬೇಕಲ್ಲ. ಇನ್ನೂ ಒಂದನೇ ಕ್ಲಾಸಿಗೂ ಹೋಗದ ಹುಡುಗಿ, ದೇಶಗಳ ರಾಜಧಾನಿ ಹೇಳುವವಳು. ಮೊದಲು ಸನ್ಮಾನ, ಆಮೇಲೆ ಪ್ರದರ್ಶನ. ದೊಡ್ಡವರ ಅಳತೆಯ ಪೇಟ ಅವಳ ಕಣ್ಣಿನ ಮೇಲೆ ಜಾರಿತು. ಒಂದು ಕೈಯಲ್ಲಿ ಅದನ್ನು ಮೇಲೆ ಎತ್ತಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮೈಕು ಹಿಡಿದಳು. ನಿರೂಪಕರು ಒಂದೊಂದೇ ದೇಶದ ಹೆಸರು ಕೂಗಿದರು, ಅವಳು ಉತ್ತರ ಹೇಳಿದಳು. ಕೆಳಗೆ ಮೊದಲ ಸಾಲಿನಲ್ಲಿ ನಿಂತ ಅವಳಪ್ಪನ ತುಟಿಯೂ ಜೊತೆಗೇ ಅಲ್ಲಾಡುತ್ತಿತ್ತು. ಒಂದೂ ತಪ್ಪಲಿಲ್ಲ. ಭರ್ಜರಿ ಚಪ್ಪಾಳೆ. ಫೋಟೋ. ಅತಿಥಿಗಳು ಭಾಷಣದಲ್ಲಿ ಅವಳನ್ನು ಐಎಎಸ್ ಮಾಡಿಬಿಟ್ಟರು. ಮೆಟ್ಟಿಲು ಇಳಿದು ಬಂದವಳು ನನ್ನನ್ನು ಕೇಳಿದ್ದು ಒಂದೇ ಮಾತು: “ಸರ, ಮುಗೀತೇನ್ರಿ?”

ಮುಗಿದಿತ್ತು. ಆ ಮಗುವಿಗೆ ಮರುದಿನ ಯಾರು ಏನು ಕಲಿಸುತ್ತಾರೆ ಅನ್ನುವ ಮಾತು ಆ ಸಭೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಹಾಗಂತ ಅಸಾಮಾನ್ಯ ಮಕ್ಕಳು ಇಲ್ಲವೇ ಇಲ್ಲ ಅನ್ನುವವನು ನಾನಲ್ಲ. ನಮ್ಮ ಸೀಮೆಯಲ್ಲಿ ಕೂತು ಹಾಗೆ ಹೇಳಿದರೆ ಜನ ನಗುತ್ತಾರೆ. ಬೆಳಗಾವಿ ಹತ್ತಿರದ ಸುಳೇಭಾವಿಯ ಶಿವಪುತ್ರ ಕೋಮಕಾಳಿಮಠ, 1924ರಲ್ಲಿ ಹುಟ್ಟಿದ ಹುಡುಗ. ಗ್ರಾಮಫೋನ್ ರೆಕಾರ್ಡಿನಲ್ಲಿ ಕೇಳಿದ ದೊಡ್ಡ ಗವಾಯಿಗಳ ಹಾಡನ್ನು ಇದ್ದಹಾಗೇ ಹಾಡಿ ತೋರಿಸುತ್ತಿದ್ದ. ಅದನ್ನು ಕೇಳಿದ ಸ್ವಾಮಿಗಳೊಬ್ಬರು ಕುಮಾರ ಗಂಧರ್ವ ಅಂದರು, ಆ ಹೆಸರೇ ನಿಂತಿತು. 1935ರಲ್ಲಿ, ಹನ್ನೊಂದನೇ ವಯಸ್ಸಿಗೆ, ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ ಹಾಡಿ ದೊಡ್ಡ ದೊಡ್ಡವರನ್ನು ದಂಗುಬಡಿಸಿದ.

ನಮ್ಮ ಭಾಷಣಗಳಲ್ಲಿ ಕಥೆ ಇಲ್ಲಿಗೆ ನಿಲ್ಲುತ್ತದೆ. ಮುಂದಿನದನ್ನು ಯಾರೂ ಹೇಳುವುದಿಲ್ಲ. ಆ ಹುಡುಗನನ್ನು ಮುಂಬಯಿಯಲ್ಲಿ ಬಿ.ಆರ್. ದೇವಧರರ ಹತ್ತಿರ ಕಲಿಯಲು ಬಿಟ್ಟರು. ಇಷ್ಟೆಲ್ಲ ಹೆಸರು ಬಂದ ಮೇಲೂ ವಿದ್ಯಾರ್ಥಿಯಾಗಿ ವರ್ಷಗಟ್ಟಲೆ ಕೂತು ಕಲಿತರು. ಆಮೇಲೆ ಕ್ಷಯ. 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಒಂದು ಶ್ವಾಸಕೋಶ ಹೋಯಿತು, ವರ್ಷಗಟ್ಟಲೆ ಹಾಡಲೇ ಆಗಲಿಲ್ಲ. ಹಾಸಿಗೆಯಲ್ಲಿ ಮಲಗಿದಲ್ಲೇ ಮಾಳವದ ಹಳ್ಳಿ ಹೆಂಗಸರ ಹಾಡು ಕಿವಿಗೆ ಬೀಳುತ್ತಿದ್ದವು. ನಾವು ಇವತ್ತು ಕೇಳಿ ಕಣ್ಣೊರೆಸಿಕೊಳ್ಳುವ ಕುಮಾರ ಗಂಧರ್ವರು, ಕಬೀರನ ನಿರ್ಗುಣಿ ಭಜನೆಯ ಕುಮಾರ ಗಂಧರ್ವರು, ಆ ಕಾಯಿಲೆಯಿಂದ ಎದ್ದು ಬಂದ ದೊಡ್ಡ ಮನುಷ್ಯ. ಅಲಹಾಬಾದಿನ ಬಾಲಕ ಬೇರೆಯವರ ಹಾಡನ್ನು ಅದ್ಭುತವಾಗಿ ಹಾಡುತ್ತಿದ್ದ. ತನ್ನದೇ ಹಾಡು ಸಿಗಲು ಅವನಿಗೂ ಅಷ್ಟು ವರ್ಷ ಬೇಕಾಯಿತು.

ಭೀಮಸೇನ ಜೋಶಿಯವರದು ಇನ್ನೊಂದು ಬಗೆ. 1922ರಲ್ಲಿ ಈಗಿನ ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದವರು. ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ ತಲೆಕೆಟ್ಟು, ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ರೈಲು ಹತ್ತಿದರು. ಅವರು ಹೋಗಿದ್ದು ಸ್ಪರ್ಧೆಗಲ್ಲ, ಗುರುವನ್ನು ಹುಡುಕಲು. ಗ್ವಾಲಿಯರ್ ಅಂದರು, ಎಲ್ಲೆಲ್ಲೋ ಅಲೆದರು. ಕೊನೆಗೆ ಜಲಂಧರದಲ್ಲಿ ವಿನಾಯಕರಾವ್ ಪಟವರ್ಧನರು, ನಿಮ್ಮೂರ ಕಡೆಯೇ ಸವಾಯಿ ಗಂಧರ್ವರಿದ್ದಾರಲ್ಲ, ಅವರ ಹತ್ತಿರ ಹೋಗು ಅಂದರು. ಅಷ್ಟು ದೂರ ಸುತ್ತಿ ಬಂದವರಿಗೆ ಗುರು ಸಿಕ್ಕಿದ್ದು ಕುಂದಗೋಳದಲ್ಲಿ! ಅಲ್ಲಿ ನೀರು ಹೊತ್ತರು, ಮನೆಗೆಲಸ ಮಾಡಿದರು, ತಿಂಗಳುಗಟ್ಟಲೆ ಒಂದೊಂದು ರಾಗವನ್ನೇ ತಿದ್ದಿದರು. ಮೊದಲ ಕಛೇರಿ 1941ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ. ಇವತ್ತಿನ ಲೆಕ್ಕದಲ್ಲಿ ‘ಬಾಲಪ್ರತಿಭೆ’ ಪ್ರಶಸ್ತಿಯ ವಯಸ್ಸು ಅವರಿಗೆ ಆಗಲೇ ಮೀರಿಹೋಗಿತ್ತು.

ಗಂಗೂಬಾಯಿ ಹಾನಗಲ್ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಎದುರು ಸ್ವಾಗತ ಗೀತೆ ಹಾಡಿದಾಗ ಹನ್ನೊಂದು ವರ್ಷದ ಹುಡುಗಿ. ಈಗಾಗಿದ್ದರೆ ಆ ಒಂದು ವಿಡಿಯೋದಿಂದಲೇ ಊರು ತುಂಬ ಫ್ಲೆಕ್ಸ್ ಬೀಳುತ್ತಿದ್ದವು. ಅವರು ಆಮೇಲೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ, ಅದೇ ಸವಾಯಿ ಗಂಧರ್ವರ ಮುಂದೆ ಕೂತು ಕಲಿತರು. ಧಾರವಾಡದ ಮಲ್ಲಿಕಾರ್ಜುನ ಮನಸೂರರಂತೂ ಚಿಕ್ಕ ಹುಡುಗನಾಗಿದ್ದಾಗಲೇ ನಾಟಕ ಕಂಪನಿ ಸೇರಿ ಬಾಲಪಾತ್ರಗಳಲ್ಲಿ ಹೆಸರು ಮಾಡಿದ್ದರು. ಅವರಿಗೆ ದೇಶದ ತುಂಬ ದೊಡ್ಡ ಹೆಸರು ಬಂದಿದ್ದು ಮಾತ್ರ ತಲೆ ನರೆತ ಮೇಲೆ. ಪದ್ಮಶ್ರೀ 1970ರಲ್ಲಿ, ಪದ್ಮವಿಭೂಷಣ 1992ರಲ್ಲಿ, ಅವರು ತೀರಿಕೊಂಡ ವರ್ಷ.

ಇವರೆಲ್ಲರ ಬಾಲ್ಯದಲ್ಲಿ ಒಂದು ವಿಳಾಸ ಇತ್ತು. ಇಂಥ ಊರು, ಇಂಥ ಮನೆ, ಇಂಥವರು ಕಲಿಸುತ್ತಾರೆ, ಹೋಗಿ ಕೂತುಕೊಳ್ಳಬಹುದು. ನಾನು ನಿಮ್ಮ ಹತ್ತಿರ ಕೇಳುತ್ತಿರುವುದು ಆ ವಿಳಾಸವನ್ನು.

ಇದು ಆಗದ ಮಾತು ಅನ್ನಬೇಡಿ. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಇದೆಯಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಕುರುಡರಾದ ಅಣ್ಣತಮ್ಮ ಇಬ್ಬರು ಹಾಡುತ್ತಿದ್ದರು. ಹಾನಗಲ್ಲ ಕುಮಾರ ಸ್ವಾಮಿಗಳು ಕೇಳಿ, ಶಾಲು ಹೊದಿಸಿ ಕಳಿಸಲಿಲ್ಲ. ಜೊತೆಗೆ ಕರೆದುಕೊಂಡು ಹೋಗಿ, ಊಟ ವಸತಿ ನೋಡಿ, ಸಂಗೀತ ಕಲಿಯಲು ಹಚ್ಚಿದರು. ಅದರಲ್ಲಿ ಒಬ್ಬರು ಪಂಚಾಕ್ಷರಿ ಗವಾಯಿಗಳಾದರು. ಅವರು ಇನ್ನಷ್ಟು ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ, ಕೊನೆಗೆ ಈ ಆಶ್ರಮದಲ್ಲಿ ನೆಲೆ ನಿಂತರು. ಕಣ್ಣಿಲ್ಲದ ಇನ್ನೊಬ್ಬ ಹುಡುಗ ಪುಟ್ಟರಾಜ ಗವಾಯಿಗಳಾದರು. ಕುಂದಗೋಳ ಕಡೆಯ ಯಲಿವಾಳದ ಬಸವರಾಜ ರಾಜಗುರು ಅವರೂ ಪಂಚಾಕ್ಷರಿ ಗವಾಯಿಗಳ ಕೈಯಲ್ಲೇ ತಯಾರಾದವರು. ಇವತ್ತಿಗೂ ಆ ಆಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು, ಬಡವರ ಮಕ್ಕಳು ಉಂಡು, ಉಳಿದು, ಕಲಿಯುತ್ತಿದ್ದಾರೆ. ಅಲ್ಲಿಗೆ ಬಂದ ಮಗುವನ್ನು ‘ನೀನು ಜಿಲ್ಲಾಮಟ್ಟದಲ್ಲಿ ಎಷ್ಟನೇ ಸ್ಥಾನ’ ಅಂತ ಯಾರೂ ಕೇಳುವುದಿಲ್ಲ.

ಬರೀ ಸಂಗೀತದ ಮಾತಾಯಿತು ಅನ್ನಬೇಡಿ. ಲೆಕ್ಕ, ಚೆಸ್, ಓಟ ಎಲ್ಲದರಲ್ಲೂ ಇದೇ ಕಥೆ.

ಮೊದಲಿಗೆ ಒಂದು ವಿಷಯ ಗಮನಿಸಿ. ಹತ್ತು ವರ್ಷದೊಳಗೆ ದೊಡ್ಡವರನ್ನು ಸೋಲಿಸುವ ಮಕ್ಕಳು ಜಾಸ್ತಿ ಕಾಣಿಸುವುದು ಸಂಗೀತ, ಗಣಿತ, ಚೆಸ್‌ನಲ್ಲಿ. ಹತ್ತು ವರ್ಷದ ಕಾದಂಬರಿಕಾರ, ಹತ್ತು ವರ್ಷದ ನ್ಯಾಯಾಧೀಶ ಯಾಕೆ ಸಿಗುವುದಿಲ್ಲ? ಸ್ವರ, ಅಂಕಿ, ಅರವತ್ನಾಲ್ಕು ಮನೆಯ ಹಲಗೆ ಇವೆಲ್ಲ ತಮ್ಮದೇ ನಿಯಮ ಇರುವ ಲೋಕಗಳು. ಬದುಕು ನೋಡಿರಬೇಕಿಲ್ಲ, ತಲೆ ಚುರುಕಿದ್ದು, ದಿನಾ ಅಭ್ಯಾಸ ಮಾಡಿದರೆ ಬೇಗ ಒಳಗೆ ಹೋಗಬಹುದು. ಮಿಕ್ಕ ಕೆಲಸಗಳಿಗೆ ವಯಸ್ಸು ಬೇಕು. ಅಂದರೆ ‘ಬಾಲಪ್ರತಿಭೆ’ ಅಂತ ನಾವು ಹುಡುಕಲು ಹೊರಟಾಗ ಬೇಗ ಕಾಣುವುದನ್ನಷ್ಟೇ ಆರಿಸುತ್ತೇವೆ. ತಡವಾಗಿ ಹೂ ಬಿಡುವ ಮಗು ನಮ್ಮ ಪಟ್ಟಿಗೆ ಬರುವುದೇ ಇಲ್ಲ.

ಆರಿಸುವುದರಲ್ಲಿ ಎಷ್ಟು ಎಡವುತ್ತೇವೆ ಅನ್ನುವುದಕ್ಕೆ ಅಮೆರಿಕದ ಒಂದು ಪ್ರಸಂಗ ಇದೆ. ಲೂಯಿ ಟರ್ಮನ್ ಅನ್ನುವ ಮನಶ್ಶಾಸ್ತ್ರಜ್ಞರು 1921ರಿಂದ ಕ್ಯಾಲಿಫೋರ್ನಿಯಾದಲ್ಲಿ ಬುದ್ಧಿ ಪರೀಕ್ಷೆ ನಡೆಸಿ, ಸುಮಾರು 1,500 ಜಾಣ ಮಕ್ಕಳನ್ನು ಆರಿಸಿ, ಜೀವನಪೂರ್ತಿ ಅವರನ್ನು ಗಮನಿಸುವ ಅಧ್ಯಯನ ಶುರು ಮಾಡಿದರು. ಆರಿಸಿದವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಅಂಕ ಸಾಲದೆ ಆ ಪಟ್ಟಿಯಿಂದ ಹೊರಗುಳಿದ ಇಬ್ಬರಿಗೆ ಬಂತು. ವಿಲಿಯಂ ಶಾಕ್ಲಿಗೆ 1956ರಲ್ಲಿ, ಲೂಯಿ ಆಲ್ವಾರೆಜ್‌ಗೆ 1968ರಲ್ಲಿ. ಇಷ್ಟು ದೊಡ್ಡ ಅಧ್ಯಯನದವರಿಗೇ ಹಾಗಾದರೆ, ಮೂರು ನಿಮಿಷ ಹಾಡು ಕೇಳಿ ಹತ್ತರಲ್ಲಿ ಅಂಕ ಹಾಕುವ ನನ್ನಂಥವರ ಪಾಡೇನು?

ವಿಲಿಯಂ ಸಿಡಿಸ್ ಅನ್ನುವ ಹುಡುಗ ಹನ್ನೊಂದನೇ ವಯಸ್ಸಿಗೆ, 1909ರಲ್ಲಿ, ಹಾರ್ವರ್ಡ್ ಸೇರಿದ. ಮರುವರ್ಷ ನಾಲ್ಕು ಆಯಾಮದ ಆಕಾರಗಳ ಮೇಲೆ ಗಣಿತಜ್ಞರಿಗೇ ಭಾಷಣ ಮಾಡಿದ. ಪೇಪರಿನವರು ಮುತ್ತಿಕೊಂಡರು. ದೊಡ್ಡವನಾದ ಮೇಲೆ ಅವನಿಗೆ ಬೇಕಾಗಿದ್ದು ಒಂದೇ, ಜನ ತನ್ನನ್ನು ಮರೆಯಲಿ ಅನ್ನುವುದು. ಕೂಡುವ ಯಂತ್ರ ಒತ್ತುವ ಗುಮಾಸ್ತಿಕೆ ಮಾಡಿಕೊಂಡು, ಟ್ರಾಮ್ ಟಿಕೆಟ್ ಸಂಗ್ರಹಿಸುತ್ತ ಇದ್ದ. 1937ರಲ್ಲಿ ಒಂದು ಪತ್ರಿಕೆ ಅವನನ್ನು ಹುಡುಕಿ ತೆಗೆದು ಮತ್ತೆ ಬರೆಯಿತು. ಕೋರ್ಟಿಗೆ ಹೋದ, ಸೋತ. 46ನೇ ವಯಸ್ಸಿಗೆ ತೀರಿಕೊಂಡ. ಅದೇ ಗಣಿತದಲ್ಲಿ ಆಸ್ಟ್ರೇಲಿಯಾದ ಟೆರೆನ್ಸ್ ತಾವೊ 1986ರಲ್ಲಿ, ಹತ್ತನೇ ವಯಸ್ಸಿಗೆ ಅಂತಾರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ ಕಂಚು ಗೆದ್ದ. ಅವನ ಮನೆಯವರು, ಶಾಲೆಯವರು ಒಟ್ಟಿಗೆ ಕೂತು ಯೋಚಿಸಿದರು. ಗಣಿತಕ್ಕೆ ದೊಡ್ಡವರ ಕ್ಲಾಸು, ಉಳಿದದ್ದಕ್ಕೆ ಅವನಿಗೆ ಒಗ್ಗುವ ಕ್ಲಾಸು. ಎಲ್ಲದರಲ್ಲೂ ಒಂದೇ ಸಮ ದಬ್ಬಲಿಲ್ಲ. 2006ರಲ್ಲಿ ಗಣಿತದ ನೊಬೆಲ್ ಅಂತ ಕರೆಯುವ ಫೀಲ್ಡ್ಸ್ ಪದಕ ಬಂತು, ಇವತ್ತಿಗೂ ಗಣಿತ ಮಾಡುತ್ತಿದ್ದಾರೆ.

ನಮ್ಮ ಶಕುಂತಲಾ ದೇವಿಯವರ ಹೆಸರು ಬರದಿದ್ದರೆ ತಪ್ಪಾಗುತ್ತದೆ. ಬೆಂಗಳೂರಿನ ಸರ್ಕಸ್ ಕಲಾವಿದರ ಮಗಳು. ಶಾಲೆಗೆ ಹೋಗಿ ಕಲಿತವರಲ್ಲ. ಚಿಕ್ಕಂದಿನಿಂದಲೇ ಪ್ರದರ್ಶನ. 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಹೆಮ್ಮೆಯ ಮಾತೇ. ಆದರೆ ನನಗೆ ಪ್ರತಿಸಲ ಅನ್ನಿಸುತ್ತದೆ: ಅಂಥ ತಲೆಗೆ ವೇದಿಕೆಗೆ ಮೊದಲು ಒಬ್ಬ ಒಳ್ಳೆಯ ಗಣಿತದ ಮಾಸ್ತರ ಸಿಕ್ಕಿದ್ದರೆ?

ಚೆಸ್‌ನಲ್ಲಿ 2024ರ ಡಿಸೆಂಬರಿನಲ್ಲಿ ಗುಕೇಶ್ ಹದಿನೆಂಟನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಾಗ ನಮ್ಮಲ್ಲೂ ಪಟಾಕಿ ಹಾರಿಸಿದೆವು. ಗುಕೇಶ್, ಪ್ರಜ್ಞಾನಂದ ಇಬ್ಬರೂ ಚೆನ್ನೈನ ಒಂದೇ ಶಾಲೆಯಲ್ಲಿ ಓದಿದವರು. ಆ ಶಾಲೆಗೆ ಚೆಸ್ ಅಂದರೆ ಗೊತ್ತು, ಟೂರ್ನಿಗೆ ಹೋದರೆ ಹಾಜರಿ ಕಡಿಮೆ ಅಂತ ತಕರಾರು ತೆಗೆಯುವುದಿಲ್ಲ. ಆ ಊರಿನಲ್ಲಿ ಕೋಚ್‌ಗಳಿದ್ದಾರೆ, ಟೂರ್ನಿಗಳಿವೆ, 1988ರಲ್ಲೇ ಗ್ರ್ಯಾಂಡ್‌ಮಾಸ್ಟರ್ ಆದ ಆನಂದ್ ಇದ್ದಾರೆ. ಒಂದೇ ಊರಿನಲ್ಲಿ ಇಷ್ಟು ಮಕ್ಕಳು ತಾವಾಗಿಯೇ ಹುಟ್ಟಿಬಿಡುತ್ತಾರಾ?

ಇನ್ನು ಓಟ. 2006ರಲ್ಲಿ ಒಡಿಶಾದ ಬುಧಿಯಾ ಸಿಂಗ್ ಅನ್ನುವ ನಾಲ್ಕು ವರ್ಷದ ಮಗು ಪುರಿಯಿಂದ ಭುವನೇಶ್ವರಕ್ಕೆ, 65 ಕಿಲೋಮೀಟರ್, ಏಳು ಗಂಟೆ ಓಡಿತು. ಮೇ ತಿಂಗಳ ಬಿಸಿಲು. ದೇಶವೆಲ್ಲ ಟಿವಿ ಮುಂದೆ ಚಪ್ಪಾಳೆ ಹೊಡೆಯಿತು. ಆಮೇಲೆ ಸರಕಾರ ಅಂಥ ಓಟ ಬೇಡ ಅಂತ ತಡೆಯಿತು, ಮಗುವನ್ನು ಕ್ರೀಡಾ ಹಾಸ್ಟೆಲ್‌ಗೆ ಸೇರಿಸಿದರು. ಆ ಹುಡುಗ ಈಗ ಎಲ್ಲಿದ್ದಾನೆ ಅಂತ ಚಪ್ಪಾಳೆ ಹೊಡೆದವರಲ್ಲಿ ಎಷ್ಟು ಜನ ಕೇಳಿದರು? ಅದೇ ನಮ್ಮ ಗದಗಿನ ಸುನಿಲ್ ಜೋಶಿ ನೋಡಿ. ಶಾಲೆಗೆ ಹೋಗುವ ಹುಡುಗ ಬೆಳಗ್ಗೆ ಎದ್ದು ಗದಗಿನಿಂದ ಹುಬ್ಬಳ್ಳಿಗೆ ಬಂದು, ಕ್ರಿಕೆಟ್ ಅಭ್ಯಾಸ ಮಾಡಿ, ತಿರುಗಿ ಶಾಲೆಗೆ ಹೋಗುತ್ತಿದ್ದರು. ಭಾರತ ತಂಡಕ್ಕೆ ಬಂದಿದ್ದು 1996ರಲ್ಲಿ, ಇಪ್ಪತ್ತಾರು ವರ್ಷ ಆದ ಮೇಲೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್! ಗದಗಿನಲ್ಲಿ ಇವತ್ತೂ ಆ ಆಟದ ಮಾತು ತೆಗೆದರೆ ಚಹಾ ಆರುತ್ತದೆ.

ಈಗ ನನ್ನ ಕ್ಲಾಸಿನ ಕಡೆಯ ಮಾತು. ಒಂದು ಸ್ಪರ್ಧೆಯಲ್ಲಿ ಏಳನೇ ಕ್ಲಾಸಿನ ಹುಡುಗ ಬಂದ. ಮೊಬೈಲ್ ನೋಡಿ ಕಲಿತ ಹಾಡು. ಕೈ ಎತ್ತುವುದು, ಕಣ್ಣು ಮುಚ್ಚುವುದು, ಕೊನೆಗೆ ಎದೆ ಮೇಲೆ ಕೈ ಇಟ್ಟು ಬಾಗುವುದು, ಎಲ್ಲ ಟಿವಿ ಶೋದಲ್ಲಿ ಇದ್ದಹಾಗೇ. ತಾನಗಳನ್ನು, ಅಂದರೆ ಸ್ವರಗಳ ವೇಗದ ಓಟವನ್ನು, ಸರಸರ ಹಾಕಿದ. ಧ್ವನಿ ನಿಜಕ್ಕೂ ಚೆನ್ನಾಗಿತ್ತು. ನಾನು ಹಾರ್ಮೋನಿಯಂ ಮೇಲೆ ಎಲ್ಲ ಹಾಡಿಗೂ ಬುನಾದಿಯಾದ ಸಾ ಒತ್ತಿ, “ಇದೊಂದನ್ನ ಹಿಡಿದು ನಿಲ್ಲಿಸಪ್ಪಾ” ಅಂದೆ. ಹುಡುಗ ನನ್ನ ಮುಖ ನೋಡಿದ. “ಸರ, ಅದು ಈ ಹಾಡಿನ್ಯಾಗ ಬರೂದಿಲ್ರೀ” ಅಂದ. ಅವನ ತಪ್ಪಲ್ಲ. ಅವನ ಊರಿನ ಶಾಲೆಯಲ್ಲಿ ಸಂಗೀತ ಕಲಿಸುವವರು ಇಲ್ಲ. ಅವನಿಗೆ ಆವತ್ತು ಮೊದಲ ಬಹುಮಾನ ಬಂತು, ಮುಂದೆ ತಾಲ್ಲೂಕು, ಜಿಲ್ಲೆ ಅಂತ ಅದೇ ಒಂದು ಹಾಡು ಹಾಡಿಕೊಂಡು ಹೋದ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಏಣಿ ಇಟ್ಟಿದ್ದೀರಿ. ನಡುವೆ ಎಲ್ಲೂ ಒಬ್ಬ ಮಾಸ್ತರನನ್ನು ಇಟ್ಟಿಲ್ಲ.

ಹೆಣ್ಣುಮಕ್ಕಳದು ಇನ್ನೂ ಬೇರೆ. ಮೊಜಾರ್ಟ್ ಆರು ವರ್ಷಕ್ಕೇ ಅರಮನೆಗಳಲ್ಲಿ ನುಡಿಸಿದ ಅಂತ ಎಲ್ಲರೂ ಹೇಳುತ್ತಾರೆ. ಜೊತೆಗೆ ಅವನ ಅಕ್ಕ ಮರಿಯಾ ಅನ್ನಾ ಕೂಡ ಕೂತು ನುಡಿಸುತ್ತಿದ್ದಳು, ಅಷ್ಟೇ ಹೆಸರಿತ್ತು. ಮದುವೆಯ ವಯಸ್ಸು ಬಂತು ಅಂತ ಅವಳನ್ನು ಊರಲ್ಲೇ ಬಿಟ್ಟರು, ತಮ್ಮ ಮಾತ್ರ ಮುಂದೆ ಹೋದ. ಇನ್ನೂರೈವತ್ತು ವರ್ಷದ ಹಿಂದಿನ ಆಸ್ಟ್ರಿಯಾದ ಮಾತು ಇದು. ನನ್ನ ಕ್ಲಾಸಿನಲ್ಲಿ ಪ್ರತಿ ಜೂನ್‌ನಲ್ಲಿ ಯಾರಾದರೊಬ್ಬ ತಾಯಿ ಬಾಗಿಲಲ್ಲಿ ನಿಂತು, “ಈ ವರ್ಷ ಎಸ್ಸೆಸ್ಸೆಲ್ಸಿ ಐತ್ರಿ ಸರ, ಹಾಡು ಸಾಕು” ಅನ್ನುತ್ತಾರೆ. ಗಂಡುಮಕ್ಕಳಿಗೆ ‘ಪರೀಕ್ಷೆ ಮುಗಿದ ಮೇಲೆ ಬರ್ತಾನ್ರಿ’. ಹೆಣ್ಣುಮಕ್ಕಳಿಗೆ ‘ಸಾಕು’. ಐದನೇ ಕ್ಲಾಸಿನಲ್ಲಿ ನೀವು ಪೇಟ ಕಟ್ಟಿದ ಹುಡುಗಿಯರು ಹತ್ತನೇ ಕ್ಲಾಸಿನಲ್ಲಿ ಹೀಗೆ ಮನೆಗೆ ಹೋಗುತ್ತಿದ್ದಾರೆ.

ದುಡ್ಡು ತೆಗೆದುಕೊಂಡು ರೆಕಾರ್ಡ್ ಸರ್ಟಿಫಿಕೇಟು, ಮೆಡಲು ಕಳಿಸುವವರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅಪ್ಪ ಅಮ್ಮಂದಿರೇ, ಆ ದುಡ್ಡಿಗೆ ಒಂದು ಒಳ್ಳೆ ಚೆಸ್ ಬೋರ್ಡು, ಒಂದಷ್ಟು ಪುಸ್ತಕ ಬರುತ್ತವೆ, ಅಷ್ಟೇ.

ಜಿಲ್ಲಾಧಿಕಾರಿಗಳೇ, ಈಗ ಕಾನೂನಿನ ಮಾತು, ಇದು ನೇರವಾಗಿ ನಿಮಗೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು, 2017ರಲ್ಲಿ ನಿಯಮ ಬಂತು. ಟಿವಿ, ಸಿನಿಮಾ, ದುಡ್ಡಿನ ಕಾರ್ಯಕ್ರಮಗಳಲ್ಲಿ ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಮೂರು ಗಂಟೆ ಆದ ಮೇಲೆ ವಿಶ್ರಾಂತಿ ಕೊಡಲೇಬೇಕು. ಸತತ 27 ದಿನಕ್ಕಿಂತ ಜಾಸ್ತಿ ಇಲ್ಲ. ದುಡಿದದ್ದರಲ್ಲಿ ಕನಿಷ್ಠ ಶೇಕಡಾ 20 ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಆಗಬೇಕು. ಮಗುವಿಗೆ ಮನಸ್ಸಿಲ್ಲದಿದ್ದರೆ ಬಲವಂತ ಮಾಡುವಂತಿಲ್ಲ. ಇದಕ್ಕೆಲ್ಲ ಮೊದಲು ಅನುಮತಿ ಕೊಡಬೇಕಾದವರು ಜಿಲ್ಲಾ ಮ್ಯಾಜಿಸ್ಟ್ರೇಟರು, ಅಂದರೆ ನೀವೇ. ಊರಲ್ಲಿ ಟಿಕೆಟ್ ಇಟ್ಟು, ಪ್ರಾಯೋಜಕರನ್ನು ಹಿಡಿದು ಮಕ್ಕಳ ಶೋ ನಡೆಸುವವರು ನಿಮ್ಮ ಹತ್ತಿರ ಎಷ್ಟು ಜನ ಬಂದು ಅರ್ಜಿ ಕೊಟ್ಟಿದ್ದಾರೆ? ಸನ್ಮಾನ ಸಭೆಯಲ್ಲಿ ದುಡ್ಡಿನ ವ್ಯವಹಾರ ಇಲ್ಲ, ಅದಕ್ಕೆ ಈ ನಿಯಮ ಬರುವುದಿಲ್ಲ ಅಂತ ವಾದಿಸಬಹುದು. ಸರಿ. ಆದರೂ ರಾತ್ರಿ ಹತ್ತಕ್ಕೆ ಪ್ಲಾಸ್ಟಿಕ್ ಕುರ್ಚಿ ಮೇಲೆ ತೂಕಡಿಸುವ ಮಗುವಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ ಅಲ್ವಾ?

ಏನು ಮಾಡಬೇಕು ಅಂತ ಕೇಳಿದರೆ ದೊಡ್ಡ ಯೋಜನೆ ಏನೂ ಬೇಡ. ಒಂದು ಸಭೆಗೆ ಪೆಂಡಾಲು, ಫ್ಲೆಕ್ಸ್, ಹಾರ, ಫಲಕ, ಊಟ ಅಂತ ಎಷ್ಟು ಖರ್ಚಾಗುತ್ತದೆ ಅಂತ ನಿಮಗೇ ಗೊತ್ತು. ಅದರಲ್ಲಿ ಒಬ್ಬ ಸಂಗೀತದ ಮಾಸ್ತರನಿಗೋ, ಚೆಸ್ ಕಲಿಸುವ ಹುಡುಗನಿಗೋ ಹಲವು ತಿಂಗಳ ಗೌರವಧನ ಹೊರಡುತ್ತದೆ. ಪ್ರತಿಭಾ ಕಾರಂಜಿಯಲ್ಲಿ ಗೆದ್ದ ಮಗುವಿಗೆ ಸರ್ಟಿಫಿಕೇಟಿನ ಜೊತೆ ಹತ್ತಿರದ ಕಲಿಸುವವರ ಹೆಸರು ಬರೆದ ಚೀಟಿ ಕೊಡಿ, ವರ್ಷದ ಬಸ್ ಪಾಸ್ ಕೊಡಿ. ಸೋತ ಮಗುವಿಗೂ ಆಸೆ ಇದ್ದರೆ ಅದೇ ಚೀಟಿ, ಅದೇ ಪಾಸು. ಕುಂದಗೋಳದ ಮಗು ಹುಬ್ಬಳ್ಳಿಗೆ, ಹಾನಗಲ್ಲಿನ ಮಗು ಹಾವೇರಿಗೆ, ರೋಣದ ಮಗು ಗದಗಿಗೆ ವಾರಕ್ಕೆ ಎರಡು ಸಲ ಬಂದು ಹೋದರೂ ಸಾಕು. ಜೊತೆಗೆ ಬರುವ ಅಮ್ಮನ ಟಿಕೆಟ್ಟಿನದೂ ಯೋಚನೆ ಮಾಡಿ, ಎಷ್ಟೋ ಹೆಣ್ಣುಮಕ್ಕಳ ಕಲಿಕೆ ನಿಲ್ಲುವುದು ಅಲ್ಲಿಯೇ.

ಬಾಲವಿಕಾಸ ಅಕಾಡೆಮಿಯವರಿಗೆ ಇನ್ನೊಂದು ಕೋರಿಕೆ. ಹತ್ತು ವರ್ಷದ ಹಿಂದೆ ಮೂರು ಜಿಲ್ಲೆಯಲ್ಲಿ ಜಿಲ್ಲಾಮಟ್ಟದಲ್ಲಿ ಗೆದ್ದ ಮಕ್ಕಳ ಪಟ್ಟಿಯನ್ನು ಶಿಕ್ಷಣ ಇಲಾಖೆಯಿಂದ ತರಿಸಿ. ಈಗ ಅವರೆಲ್ಲ ದೊಡ್ಡವರಾಗಿರುತ್ತಾರೆ. ಒಬ್ಬೊಬ್ಬರನ್ನೇ ಹುಡುಕಿ ಕೇಳಿ: ಈಗಲೂ ಹಾಡುತ್ತೀರಾ, ಚಿತ್ರ ಬರೆಯುತ್ತೀರಾ, ಬಿಟ್ಟಿದ್ದರೆ ಯಾವಾಗ ಬಿಟ್ಟಿರಿ, ಯಾಕೆ ಬಿಟ್ಟಿರಿ? ಬಂದ ಉತ್ತರವನ್ನು ಇದ್ದಹಾಗೇ ಪ್ರಕಟಿಸಿ. ಮುಂದಿನ ಪ್ರಶಸ್ತಿಯ ತೀರ್ಮಾನ ಅದನ್ನು ಓದಿದ ಮೇಲೆ ಮಾಡೋಣ.

ಕೊನೆಯದು ಜಾಗದ ಮಾತು. ನಮ್ಮ ಊರುಗಳಲ್ಲಿ ಸರಕಾರದ, ಪಾಲಿಕೆಯ ಎಷ್ಟೋ ಸಭಾಭವನಗಳು ಬೆಳಗ್ಗೆ ಹೊತ್ತು ಬೀಗ ಹಾಕಿಕೊಂಡೇ ಇರುತ್ತವೆ. ಕಾರ್ಯಕ್ರಮ ಏನಿದ್ದರೂ ಸಂಜೆಗೆ. ಒಂದು ಸಭಾಭವನದ ಪಕ್ಕದ ಕೋಣೆಯನ್ನು ವಾರಕ್ಕೆ ಎರಡು ದಿನ, ಬೆಳಗ್ಗೆ ಆರರಿಂದ ಎಂಟರ ತನಕ ತೆರೆಸಿ. ಸಂಬಳ ಬೇಡ, ನಾನು ಬರುತ್ತೇನೆ. ನನಗೆ ಗೊತ್ತಿರುವ ತಬಲಾ ಮಾಸ್ತರರೊಬ್ಬರೂ ಒಪ್ಪಿದ್ದಾರೆ. ಜಮಖಾನೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಹಾರ್ಮೋನಿಯಂ ನಾನೇ ತರುತ್ತೇನೆ. ಯಾವ ಭವನ, ಕೀಲಿ ಯಾರ ಹತ್ತಿರ ಇರುತ್ತದೆ, ಅಷ್ಟನ್ನು ತಿಳಿಸಿ.

ಇಂತಿ ನಮಸ್ಕಾರಗಳೊಂದಿಗೆ,
ಹುಬ್ಬಳ್ಳಿಯ ಒಬ್ಬ ಸಂಗೀತ ಮಾಸ್ತರ